ಕಠ್ಮಂಡುವಿನಲ್ಲಿ ಡಾಕ್ಟರರಿಗೆ ಬಳೆ ಇಟ್ಟದ್ದು

ಶಹಾಪುರ

ಗೌರಿ, ಬಸು, ನಾನು ಊರಿಗೆ ಬಂದ ದಿನ ನೀವಿಬ್ಬರೂ ಯಾದಗಿರಿಯಿಂದ ಫೋನ್ ಮಾಡಿ ಮೊದಲು ಕೇಳಿದ್ದು, "ಆಯಿ, ಹಿಮಾಲಯ ನೋಡಿದ್ಯಾ?" ಎಂದು. ನಾನು "ಹ್ಞೂಂ" ಎಂದೆ. ಫೋನಿನಲ್ಲಿ ನನಗೆ ಅಷ್ಟೇ ಮಾತು ಬರುವುದು. ನಾಲ್ಕು ಜನ ಎದುರಿಗೆ ಕುಳಿತರೆ ಅದೂ ಬರುವುದಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಏಳನೆಯ ಇಯತ್ತೆಯವರೆಗೆ ನಮ್ಮೂರ ಸಾಲಿಯಲ್ಲಿ ಕಲಿತ ಅಕ್ಷರ ಇವು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಹಿಮಾಲಯ ನೋಡಿದ್ದು ಸುಳ್ಳಲ್ಲ. ವಿಮಾನದ ಕಿಟಕಿಯಲ್ಲಿ ಮೋಡದ ಮೇಲೆ ಬೆಳ್ಳಗೆ ಕಂಡಿತು. ನೋಡುವಷ್ಟರಲ್ಲಿ ಪಕ್ಕದವರು ಫೋಟೋ ತೆಗೆಯಲು ಅಡ್ಡ ಬಂದರು. ಆದರೆ ನಾನು ಹೇಳಬೇಕಾದದ್ದು ಗುಡ್ಡದ ಸುದ್ದಿಯಲ್ಲ, ಒಂದು ಕೈಯ ಸುದ್ದಿ.

ಬಳೆ ಏರಿಸುವಾಗ ಹೆಂಗಸಿನ ಕೈ ಪೂರ್ತಿ ನನ್ನ ವಶದಲ್ಲಿರುತ್ತದೆ. ಸೋಪಿನ ನೀರು ಸವರಿ, ಹೆಬ್ಬೆರಳನ್ನು ಒಳಕ್ಕೆ ಮಡಚಿ, ಗಿಣ್ಣುಗಳನ್ನು ಒತ್ತಿ ಸಣ್ಣ ಮಾಡಿ, ಬಳೆಯನ್ನು ದಾಟಿಸಬೇಕು. ಎಂಥ ಗಟ್ಟಿ ಹೆಂಗಸಾದರೂ ಆ ಹೊತ್ತಿಗೆ "ಯವ್ವಾ" ಎಂದು ಕೈ ಎಳೆಯುತ್ತಾಳೆ. ಎಳೆಯದ ಕೈ ಎಲ್ಲೋ ಒಂದು ಸಿಗುತ್ತದೆ. ಕಿರುಬೆರಳಿನ ಬದಿಗೆ ಎಷ್ಟು ಒತ್ತಿದರೂ ಆಕೆ ಪಕ್ಕದವಳ ಜೊತೆ ಮಾತಾಡುತ್ತಲೇ ಇರುತ್ತಾಳೆ. ಅಂಗೈಯ ಆ ಬದಿಗೆ ಬೆವರು ಇರುವುದಿಲ್ಲ, ಕಾಗದದ ಹಾಗೆ ಒಣಗಿರುತ್ತದೆ. ಒಲೆಯ ಮುಂದೆ ಸುಟ್ಟುಕೊಂಡ ಕಲೆ ಇರುತ್ತದೆ, ಯಾವಾಗ ಸುಟ್ಟಿತೆಂದು ಆಕೆಗೇ ಗೊತ್ತಿರುವುದಿಲ್ಲ.

ಇದನ್ನು ನಾನು ಮೊದಲು ಹೇಳಿದ್ದು ಡಾಕ್ಟರ್ ನಸೀಮಾ ಅವರಿಗೆ. ಅವರು ನಮ್ಮ ಶಹಾಪುರದವರೇ, ಚರ್ಮದ ಡಾಕ್ಟರು. ಸಣ್ಣವರಿದ್ದಾಗ ಈದ್‌ಗೆ ಅವರ ಕೈಗೆ ಬಳೆ ಇಟ್ಟವಳು ನಾನು. ಈಗಲೂ ನನ್ನನ್ನು ದೊಡ್ಡಮ್ಮ ಎನ್ನುತ್ತಾರೆ. ಅವರು ನಾನು ಕಳಿಸಿದ ಹೆಂಗಸರ ಕೈಗಳನ್ನು ಸಣ್ಣ ನೈಲಾನ್ ಎಳೆಯಿಂದ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ನನ್ನ ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕುಳಿತರು.

"ದೊಡ್ಡಮ್ಮ, ನಾವು ಕುಷ್ಠ ಅಂತ ಹಿಡಿಯೋದ್ಕಿಂತ ಮೊದಲ ನೀವು ಹಿಡೀತೀರಿ. ಹೆಂಗ್ರಿ?"

"ನಾ ಏನೂ ಹಿಡಿಯಂಗಿಲ್ರಿ. ಬಳಿ ಇಡ್ತೀನಿ, ಕೈ ತಾನ ಹೇಳ್ತೈತಿ."

ನಮ್ಮ ಕಡೆ ಆ ಹೆಸರನ್ನು ಬಾಯಿಗೆ ತರುವುದಿಲ್ಲ, ದೊಡ್ಡ ರೋಗ ಎನ್ನುತ್ತಾರೆ. ಅದರಲ್ಲಿ ದೊಡ್ಡದೇನಿಲ್ಲ, ಪುಕ್ಕಟೆ ಮಾತ್ರೆಗೆ ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ನರ ಮಂದವಾದ ಹೊಸದರಲ್ಲೇ ಬಂದರೆ ಬೆರಳಿನ ಅರಿವು ಮರಳಬಹುದು. ತಡಮಾಡಿದರೆ ಬೆರಳು ಮಡಚಿಕೊಂಡು ಹಾಗೇ ಉಳಿಯುತ್ತದೆ.

ಒಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಂಭಾವಿ ಸಂತೆಯಲ್ಲಿ ಒಬ್ಬಾಕೆಯ ಕೈ ಹೀಗೇ ಸಿಕ್ಕಿತು. ನಾನು ಆಗಷ್ಟೇ ಕಲಿತ ಹುರುಪಿನಲ್ಲಿ, "ಯವ್ವಾ, ನಿನ್ನ ಕೈಗಿ ಅರಿವಿಲ್ಲ, ಚರ್ಮದ ಡಾಕ್ಟರಿಗಿ ತೋರ್ಸು" ಎಂದುಬಿಟ್ಟೆ. ಸುತ್ತ ಕುಳಿತ ಹೆಂಗಸರೆಲ್ಲ ಸೀರೆ ಎಳೆದುಕೊಂಡು ಸರಿದರು. ಆಕೆ ಅರ್ಧ ಬಳೆಯಲ್ಲೇ ಎದ್ದು ಹೋದಳು. ತಿಂಗಳ ನಂತರ ವಿಚಾರಿಸಿದರೆ ಗಂಡನ ಮನೆಯವರು ತವರಿಗೆ ಬಿಟ್ಟು ಬಂದಿದ್ದರು. ಡಾಕ್ಟರು, ನಾನು ಹುಡುಕಿಕೊಂಡು ಹೋಗಿ ಔಷಧ ಕೊಡಿಸಿದೆವು, ರೋಗ ಹೋಯಿತು. ಮನೆಯವರು ಮಾತ್ರ ಮತ್ತೆ ಕರೆದುಕೊಳ್ಳಲಿಲ್ಲ. ಅಂದಿನಿಂದ ನಾನು ಹೇಳುವುದನ್ನು ಕಿವಿಯಲ್ಲಿ ಹೇಳುತ್ತೇನೆ, ಇಲ್ಲವೆ ಬಾಯಿಮುಚ್ಚಿ ಡಾಕ್ಟರಿಗೆ ಹೇಳುತ್ತೇನೆ.

ನೇಪಾಳದಲ್ಲಿ ಚರ್ಮದ ಡಾಕ್ಟರರಿಗೆ ಮೂರು ದಿನದ ಪಾಠ, ನೀವು ಬಂದು ಬಳೆ ಇಟ್ಟು ತೋರಿಸಬೇಕು ಎಂದು ನಸೀಮಾ ಕೇಳಿದಾಗ ನಾನು ಒಂದೇ ಷರತ್ತು ಹಾಕಿದೆ: "ಕೈ ಕೆಲಸ ಮಾಡ್ತೀನ್ರಿ. ಬಾಯಿ ಕೆಲಸ ನನಗ ಹಚ್ಚಬ್ಯಾಡ್ರಿ."

ಗುರುಮಠಕಲ್ ದಾಟಿ

ಯಾದಗಿರಿಯಿಂದ ಹೈದರಾಬಾದಿನ ಬಸ್ಸು. ಗುರುಮಠಕಲ್ ಬರುವಷ್ಟರಲ್ಲಿ ಹಿಂದಿನ ಸೀಟಿನ ಹೆಂಗಸರ ಜಗಳ ಕನ್ನಡದಿಂದ ತೆಲುಗಿಗೆ ಹೊರಳಿತು. ನನಗೆ ಅಲ್ಲಿಯೇ ಪರದೇಶಕ್ಕೆ ಬಂದ ಹಾಗಾಯಿತು. ಮಡಿಲಲ್ಲಿ ಬಳೆಯ ಡಬ್ಬಿ. ನಿಮ್ಮ ಮುತ್ಯಾ, ನನ್ನ ಯಜಮಾನರು, ಇದ್ದಾಗ ಹೆಗಲಿಗೆ ಮಲಾರ ಹಾಕಿಕೊಂಡು, ಅಂದರೆ ಹಗ್ಗಕ್ಕೆ ಬಳೆ ಪೋಣಿಸಿಕೊಂಡು, ಸುರಪುರದವರೆಗೆ ನಡೆಯುತ್ತಿದ್ದರು; ಒಂದೂ ಒಡೆಯುತ್ತಿರಲಿಲ್ಲ. ನಾನು ಪ್ರತಿ ಡಜನ್ನನ್ನೂ ಹಳೆಯ ಕೌದಿಯ ತುಂಡಿನಲ್ಲಿ ಸುತ್ತಿದ್ದರೂ ಬಸ್ಸು ಕುಣಿದಾಗಲೆಲ್ಲ ನನ್ನ ಹಲ್ಲು ಬಿಗಿಯುತ್ತಿದ್ದವು.

ವಿಮಾನ ನಿಲ್ದಾಣದಲ್ಲಿ ಡಬ್ಬಿಯನ್ನು ಯಂತ್ರದೊಳಗೆ ಬಿಟ್ಟರು. ಆ ಕಡೆ ಬಂದಮೇಲೆ ಖಾಕಿ ತೊಟ್ಟ ಹುಡುಗಿ ಒಂದೊಂದೇ ಕೌದಿ ಬಿಚ್ಚಿಸಿದಳು. ಹಿಂದೆ ಸಾಲು ಬೆಳೆಯಿತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಬಳೆಗೆ ಆಕೆ ಏನೂ ಅನ್ನಲಿಲ್ಲ, ಹಸಿರು ಡಜನ್ನನ್ನು ಬೆಳಕಿಗೆ ಹಿಡಿದು ಚೆನ್ನಾಗಿದೆ ಎಂದು ತಲೆ ಆಡಿಸಿದಳು. ಆದರೆ ಕೈಚೀಲದಿಂದ ಕುಸುಬಿ ಎಣ್ಣೆಯ ಬಾಟಲಿ ಎತ್ತಿ ಪಕ್ಕಕ್ಕಿಟ್ಟಳು.

ಡಾಕ್ಟರು ನಕ್ಕರು. "ಅಲ್ರಿ ದೊಡ್ಡಮ್ಮ, ನೀರಿನಂಥಾದ್ದು ಏನೂ ತರಬ್ಯಾಡ್ರಿ ಅಂತ ಹೇಳಿದ್ನಲ್ಲ."

"ಇದು ನೀರಲ್ಲಲ್ರಿ. ಎಣ್ಣಿ."

ಹಿಂದೆ ನಿಂತವರೂ ನಕ್ಕರು. ಗಾಣದ ಎಣ್ಣೆ ಅಲ್ಲೇ ಉಳಿಯಿತು. ಆ ಹುಡುಗಿ ಮನೆಗಾದರೂ ಒಯ್ದಿದ್ದರೆ ಒಳ್ಳೆಯದು.

ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ಓಟಿನ ಕಾರ್ಡು ಸಾಕು. ಅದೊಂದು ಸಮಾಧಾನವಿತ್ತು. ದಿಲ್ಲಿಯಲ್ಲಿ ಕಾರ್ಡು ನೋಡಿದ ಅಧಿಕಾರಿ ಮಾತ್ರ ಫೋಟೋ ನೋಡಿ ನನ್ನನ್ನು ನೋಡಿ, ಮತ್ತೆ ಫೋಟೋ ನೋಡಿದ. ನಿಮ್ಮ ಮುತ್ಯಾ ಇದ್ದಾಗಿನ ಫೋಟೋ ಅದು, ನನ್ನ ಹಣೆಯ ಮೇಲೆ ಕಾಸಗಲ ಕುಂಕುಮ. ಮೂಗುತಿ ಬೇರೆ. "ಇದು ನೀವೇನಾ?" ಎಂದು ಹಿಂದಿಯಲ್ಲಿ ಕೇಳಿದ. ನಾನು ತಲೆ ತಗ್ಗಿಸಿದೆ. ಡಾಕ್ಟರು ಅವನಿಗೆ ಏನೋ ಮೆಲ್ಲಗೆ ಹೇಳಿದರು. ಆತ ಎದ್ದು ನಿಂತು ಎರಡೂ ಕೈಯಿಂದ ಕಾರ್ಡು ತಿರುಗಿ ಕೊಟ್ಟ. ಸರಕಾರದ ಮನುಷ್ಯ ಹಾಗೆ ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಠ್ಮಂಡು, ಮೊದಲ ದಿನ

ಅಲ್ಲಿಯ ಜನ ಸಣ್ಣವರು ದೊಡ್ಡವರು ಎನ್ನದೆ ಎಲ್ಲರಿಗೂ ಕೈ ಮುಗಿಯುತ್ತಾರೆ. ಬೆಳಿಗ್ಗೆ ಬರೀ ಚಹಾ ಕುಡಿದು ಹತ್ತು ಗಂಟೆಗೆ ಅನ್ನ ಬೇಳೆ ಉಂಡು ಕೆಲಸಕ್ಕೆ ಹೋಗುತ್ತಾರೆ. ಊಟಕ್ಕೆ ರೊಟ್ಟಿಯ ಸುಳಿವೇ ಇಲ್ಲ. ಎರಡು ದಿನಕ್ಕೇ ನನಗೆ ಜೋಳದ ರೊಟ್ಟಿ ಕನಸಿನಲ್ಲಿ ಬಂತು. ನಮ್ಮ ಶಹಾಪುರದ ಗುಡ್ಡದಲ್ಲಿ ಬುದ್ಧ ಮಲಗಿದ ಹಾಗೆ ಕಾಣುತ್ತಾನಲ್ಲ, ಅಲ್ಲಿ ಗುಡಿಯ ಗೋಪುರದ ಮೇಲೆ ಅವನ ಕಣ್ಣು ಬರೆದಿದ್ದಾರೆ, ತೆರೆದ ಕಣ್ಣು. ಯಾವ ಓಣಿಗೆ ತಿರುಗಿದರೂ ನಮ್ಮನ್ನೇ ನೋಡುತ್ತವೆ. ನಾನು ಸೆರಗು ಸರಿಮಾಡಿಕೊಂಡೆ.

ಹೆಂಗಸರ ಕೈಗಳನ್ನು ನೋಡುವುದು ನನ್ನ ಚಾಳಿ. ಅಲ್ಲಿಯೂ ಗಾಜಿನ ಬಳೆಗಳು, ಕೆಂಪು, ಹಸಿರು. ಕೊರಳಲ್ಲಿ ಸಣ್ಣ ಮಣಿಗಳ ಜಡೆಯಂಥ ಹಾರ. ಮಣಿ ಇಲ್ಲದ, ಬಳೆ ಇಲ್ಲದ, ಕೆಂಪು ಉಡದ ಹೆಂಗಸು ಎದುರಾದರೆ ಕೇಳುವುದೇ ಬೇಕಿರಲಿಲ್ಲ. ಈ ಒಂದು ವಿಷಯದಲ್ಲಿ ಆ ದೇಶ ನಮ್ಮ ದೇಶದ ಹಾಗೇ ಇತ್ತು.

ಡಾಕ್ಟರರ ಪಾಠವೂ ನಮ್ಮ ವಸತಿಯೂ ಒಂದೇ ಹೋಟೆಲಿನಲ್ಲಿ, ಪಾಠ ಕೆಳಗೆ, ಕೋಣೆ ಮೇಲೆ. ಬೆಳಿಗ್ಗೆ ಬಾಗಿಲು ತಟ್ಟಿ ಒಬ್ಬಾಕೆ ಬಂದಳು. ನಲವತ್ತರ ಸುಮಾರು, ಬೂದು ಬಣ್ಣದ ಸಮವಸ್ತ್ರ, ಬೋಳು ಕೈ, ಬೋಳು ಕೊರಳು. ಹೆಸರು ಮಾಯಾ. ಹಾಸಿಗೆ ಸರಿಮಾಡುವುದು ಅವಳ ಕೆಲಸ. ನಾನು ಮಲಗಿದ ಹಾಸಿಗೆಯನ್ನು ಇನ್ನೊಬ್ಬಾಕೆ ಮಡಚುವುದೆಂದರೆ ನನಗೆ ಹೇಗೋ ಆಗುತ್ತದೆ; ಮೊದಲೇ ಎಲ್ಲ ಮಡಚಿ, ನೆಲವನ್ನೂ ಒರೆಸಿ ಇಟ್ಟಿದ್ದೆ. ಅವಳು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಆಮಾ, ನನ್ನ ಕೆಲಸ ನೀವು ಮಾಡಿದರೆ ನನ್ನನ್ನು ಮನೆಗೆ ಕಳಿಸುತ್ತಾರೆ."

ಅವಳ ಹಿಂದಿ, ಓಣಿಯ ಮುಸಲ್ಮಾನ ಗೆಳತಿಯರಿಂದ ನಾನು ಕಲಿತ ಉರ್ದು, ಎರಡೂ ಕುಂಟುತ್ತಿದ್ದವು. ಒಂದರ ಹೆಗಲ ಮೇಲೆ ಒಂದು ಕೈ ಇಟ್ಟುಕೊಂಡು ಹೇಗೋ ನಡೆದವು. ಇಲ್ಲಿ ಅವಳ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ. ನಾನು "ನಕ್ಕೊ" ಎಂದಾಗ, ಬೇಡ ಎಂದು ಹೇಳಲು, ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಎಲ್ಲದಕ್ಕೂ ಅವಳೂ ನಕ್ಕೊ ಎನ್ನತೊಡಗಿದಳು.

ಮಡಚಿದ ಹಾಸಿಗೆಯನ್ನು ಬಿಚ್ಚಿ ಮತ್ತೆ ತನ್ನ ರೀತಿಯಲ್ಲಿ ಮಡಚಿ ನನಗೆ ಸ್ಟೀಲಿನ ಲೋಟದಲ್ಲಿ ಚಹಾ ತಂದಳು. ತುಂಬಾ ಕುದಿಯುತ್ತಿದ್ದ ಚಹಾ. ನಾನು ಸೆರಗಿನಲ್ಲಿ ಹಿಡಿದರೂ ತಡೆಯದೆ ಮೇಜಿನ ಮೇಲೆ ಇಟ್ಟೆ. ಅವಳದೂ ಅಂಥದೇ ಲೋಟ. ಮಗಳ ಪರೀಕ್ಷೆಯ ಸುದ್ದಿ ಹೇಳುತ್ತ ಅದನ್ನು ಬರಿಗೈಯಲ್ಲಿ ಹಿಡಿದೇ ನಿಂತಿದ್ದಳು. ಕಿರುಬೆರಳು ಉಳಿದ ಬೆರಳುಗಳನ್ನು ಬಿಟ್ಟು ದೂರ ನಿಂತಿತ್ತು. ಅದರ ಕೆಳಗೆ, ಅಂಗೈಯ ಅಂಚಿನಲ್ಲಿ, ಹಳೆಯದೊಂದು ಸುಟ್ಟ ಕಲೆ.

ನಾನು ಚಹಾ ಅಲ್ಲೇ ಬಿಟ್ಟು ಎದ್ದೆ.

ಹೇಗಾದರೂ ಆ ಕೈ ಹಿಡಿಯಬೇಕೆಂದು ಡಬ್ಬಿ ತೆರೆದು ಅವಳ ಅಳತೆಯ ನೀಲಿ ಬಳೆ ಎತ್ತಿದೆ. "ಬಾ ಬೇಟಿ, ಇಡ್ತೀನಿ" ಎಂದೆ. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಈ ಸಲ ನಕ್ಕೊ ಎನ್ನಲಿಲ್ಲ. "ನನಗೆ ಆಗುವುದಿಲ್ಲ ಆಮಾ. ಅವರು ಹೋಗಿ ಒಂಬತ್ತು ವರ್ಷ" ಎಂದು ಲೋಟ ತೆಗೆದುಕೊಂಡು ಹೋದಳು.

ಸಂಜೆ ನಸೀಮಾ ಅವರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಕಾಗದ ಕೆಳಗಿಟ್ಟರು.

"ಖಾತ್ರಿ ಏನ್ರಿ?"

"ಹಿಡದಿಲ್ರಿ. ನೋಡೀನಿ ಅಷ್ಟ."

"ನಾಳಿ ಹಾಲ್‌ಗಿ ಕರ್ಕೊಂಡ್ ಬರ್ರಿ. ದೊಡ್ಡ ದೊಡ್ಡ ಡಾಕ್ಟರ್ ಅದಾರ, ಅಲ್ಲೇ ನೋಡಿಬಿಡೂಣು."

"ಬ್ಯಾಡ್ರಿ. ಅಕಿ ಇಲ್ಲೇ ಕೆಲಸಕ್ಕಿದ್ದಾಳ. ಎಲ್ಲಾರ ಮುಂದ ಆತಂದ್ರ ಅಕಿನ್ನ ಇಟ್ಕೋತಾರೇನ್ರಿ? ಒಮ್ಮಿ ಕೆಂಭಾವಿಯೊಳಗ ಮಾಡಿದ್ದು ಸಾಕು."

"ದೊಡ್ಡಮ್ಮ, ನಾಡದ ಮಧ್ಯಾಹ್ನ ನಾವು ಹೊಂಟೀವಿ. ಆಮ್ಯಾಲ ಅಕಿ ಕೈ ಯಾರು ನೋಡ್ತಾರ? ಬೆರಳು ಮಡಚಿದ ಮ್ಯಾಲ ಕೆಲಸ ಹೆಂಗೂ ಹೋಗ್ತದ."

ಹೇಳಿದರೆ ಕೆಲಸ ಹೋದೀತು, ಹೇಳದಿದ್ದರೆ ಕೈ ಹೋದೀತು. ಉಳಿದದ್ದು ಒಂದೂವರೆ ದಿನ.

ಹೋಟೆಲಿನ ಸಭಾಂಗಣ, ಎರಡನೆಯ ದಿನ

ಡಾಕ್ಟರಾದ ಮೇಲೂ ಸಾಲಿ ಬಿಡುವುದಿಲ್ಲ ಎಂದು ನನಗೆ ಅಲ್ಲಿ ತಿಳಿಯಿತು. ತಲೆ ನೆರೆತವರೂ ಕೊರಳಿಗೆ ಹೆಸರಿನ ಚೀಟಿ ಕಟ್ಟಿಕೊಂಡು ಬೆಂಚಿನ ಮೇಲೆ ಕೂಡಬೇಕು. ಪಾಠ ಕೇಳಿದ್ದಕ್ಕೆ ಅಂಕ ಇವೆಯಂತೆ, ಹಾಜರಿ ಹಾಕಿಸಿಕೊಳ್ಳಬೇಕಂತೆ. ಹಾಜರಿ ಹಾಕಿ ಬಾಗಿಲಿನಿಂದ ಮೆಲ್ಲಗೆ ಪೇಟೆಗೆ ಜಾರಿದ ಇಬ್ಬರನ್ನು ಕಣ್ಣಾರೆ ಕಂಡೆ. ಸಾಲಿಯಲ್ಲಿ ನಾವೂ ಹೀಗೇ ಹುಣಸೆ ಗಿಡಕ್ಕೆ ಓಡುತ್ತಿದ್ದೆವು. ಉಳಿದವರು ಮಾತ್ರ ತುಂಬ ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಗೋಡೆಯ ಮೇಲೆ ಆಳೆತ್ತರದ ಚಿತ್ರಗಳು, ಯಾರದೋ ಬೆನ್ನು, ಯಾರದೋ ಪಾದ. ಒಬ್ಬ ಡಾಕ್ಟರು ಒಂದು ಕಲೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ನನಗೆ ಒಂದು ಶಬ್ದವೂ ತಿಳಿಯದಿದ್ದರೂ ಆ ಕಲೆಯ ಮೇಲೆ ಅವರಿಗೆ ಎಷ್ಟು ಕಾಳಜಿ ಎಂಬುದು ತಿಳಿಯಿತು.

ಊಟದ ನಂತರ ಆರು ಜನ ರೋಗಿಗಳನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಮಡಿಲಲ್ಲಿ ನಂಬರಿನ ಚೀಟಿ. ಡಾಕ್ಟರರು ಕೈ ಮುಗಿದು, ಅಪ್ಪಣೆ ಕೇಳಿಯೇ ನೋಡುತ್ತಿದ್ದರು. ಆದರೂ ಒಬ್ಬರಾದ ಮೇಲೆ ಒಬ್ಬರಂತೆ ಬಂದು ಅದೇ ತೋಳಿನ ಕುಪ್ಪಸ ಏರಿಸಿದರೆ ಯಾರಿಗೆ ತಡೆದೀತು? ನಾಲ್ಕನೆಯ ನಂಬರಿನ ಹೆಣ್ಣುಮಗಳು ನೆಲ ನೋಡುತ್ತಿದ್ದವಳು ಕಡೆಯವರೆಗೂ ಕಣ್ಣೆತ್ತಲಿಲ್ಲ. ಕೆಂಭಾವಿಯ ಆಕೆಯೂ ಹೀಗೇ ನೆಲ ನೋಡುತ್ತ ಎದ್ದು ಹೋಗಿದ್ದಳು.

ನನ್ನ ಸರದಿಗೆ ಅದೇ ಕುರ್ಚಿಯವರ ಕೈಗೆ ಬಳೆ ಇಡುವುದೆಂದು ಗೊತ್ತುಮಾಡಿದ್ದರು. ನಾನು ನಸೀಮಾ ಅವರ ಸೆರಗು ಜಗ್ಗಿದೆ.

"ಬಾಯಾರ, ಇವರಿಗಿ ಸಾಕಾಗ್ಯದ. ಡಾಕ್ಟರ್ ಮಂದೀನ ಕುಂದರ್ಸ್ರಿ. ಸರೀ ಇದ್ದ ಕೈ ಹೆಂಗ ಎಳಕೋತೈತಿ ಅನ್ನೋದು ಗೊತ್ತಿಲ್ದ, ಎಳಕೊಳ್ಳಾರದ ಕೈ ಹೆಂಗ ಗುರುತು ಹಿಡೀತಾರ?"

ಅವರು ಅದನ್ನೇ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದರು. ಸಭೆಯಲ್ಲಿ ನಗು. ರೋಗಿಗಳನ್ನು ಚಹಾಕ್ಕೆ ಕಳಿಸಿ ಡಾಕ್ಟರರು ಬಂದು ಕುಳಿತರು. ಎಲ್ಲರಿಗಿಂತ ಹಿರಿಯರಾದ, ಕನ್ನಡಕದ ದೊಡ್ಡ ಡಾಕ್ಟರೊಬ್ಬರು ತೋಳು ಮಡಚಿ ಮೊದಲು ಕೈ ಚಾಚಿದರು. ಗಂಡಸರ ಕೈಗೆ ಬಳೆ ಇಟ್ಟು ನನಗೆ ರೂಢಿಯಿಲ್ಲ. ತಲೆ ಎತ್ತದೆ ಸೋಪು ಸವರಿ, ಗಿಣ್ಣು ಒತ್ತಿದೆ. ಅವರು ಕುರ್ಚಿಯಿಂದ ಅರ್ಧ ಎದ್ದು ಕೂಗಿದ ಕೂಗಿಗೆ ಪೇಟೆಗೆ ಹೋದ ಇಬ್ಬರೂ ತಿರುಗಿ ಬರಬೇಕು! ಬಳೆ ಟಪ್ಪೆಂದಿತು. ಅವರಿಗೆ ಗಾಯವೇನೂ ಆಗಲಿಲ್ಲ. ಅವರು ನಗುತ್ತ ಇನ್ನೊಂದು ಕೈ ಕೊಟ್ಟರು. "ಈ ಕೈ ಎಡದ್ದು, ಸ್ವಲ್ಪ ಕರುಣೆ ಇರಲಿ ಅಂತಾರ" ಎಂದು ನಸೀಮಾ ನನಗೆ ಕನ್ನಡದಲ್ಲಿ ಹೇಳಿದರು.

ಒಂದು ಗಂಟೆಯಲ್ಲಿ ಇಪ್ಪತ್ತು ಕೈಗಳಾದರೂ ಆಗಿರಬೇಕು. ಆಮೇಲೆ ಅವರು ಒಬ್ಬರಿಗೊಬ್ಬರು ಇಡಲು ಕಲಿತರು. ಡಾಕ್ಟರರ ಅಷ್ಟು ಕೂಗಾಟ ಕೇಳಿ ಹೋಟೆಲಿನವರು ಇಣುಕಿ ಹೋದರು. ನನಗೆ ಭಯವೇ ಮರೆತಿತ್ತು.

ಆಗ ಒಬ್ಬ ಚಿಕ್ಕ ವಯಸ್ಸಿನ ನೇಪಾಳಿ ಡಾಕ್ಟರ್ ಎದ್ದು ನಿಂತಳು. ಹೆಸರು ಪ್ರತಿಭಾ ಎಂದು ಚೀಟಿಯಲ್ಲಿತ್ತಂತೆ. ಇಂಗ್ಲಿಷಿನಲ್ಲಿ ಏನೋ ಕೇಳಿದಳು. ನಸೀಮಾ ಉತ್ತರ ಹೇಳಲು ಬಾಯಿ ತೆರೆದವರು ನನ್ನ ಕಡೆ ತಿರುಗಿದರು.

"ದೊಡ್ಡಮ್ಮ, ಬಳಿ ಇಡಾರದವರ ಕೈ ಹೆಂಗ ನೋಡ್ತೀರಿ ಅಂತ ಕೇಳ್ತಾಳ. ಗಂಡ ಸತ್ತವರದು."

ನಾನು ಮೊಣಕೈವರೆಗೂ ಸೋಪಿನ ನೊರೆಯಲ್ಲಿ ನಿಂತಿದ್ದೆ. ಮೂವತ್ತು ವರ್ಷ ಸಂತೆ ಸಂತೆ ತಿರುಗಿದ್ದೇನೆ. ಎಷ್ಟೋ ಕೈ ಹಿಡಿದಿದ್ದೇನೆ. ನಿಮ್ಮ ಮುತ್ಯಾ ಹೋದ ಮೇಲೆ ಮದುವೆ ಮನೆಯವರು ನನ್ನಿಂದ ಹಸಿರು ಬಳೆ ಇಡಿಸಿಕೊಳ್ಳುವುದು ಬಿಟ್ಟಾಗ, ಸಂತೆಯ ಹೆಂಗಸರು "ಅಕಿ ನೋವಾಗದಂಗ ಇಡ್ತಾಳ, ನೀವು ಸುಮ್ನಿರ್ರಿ" ಎಂದು ನನ್ನ ಮುಂದೆಯೇ ಬಂದು ಕುಳಿತರು. ಆ ಉಪಕಾರ ನಾನು ಮರೆತಿಲ್ಲ. ಆದರೆ ಅವರೆಲ್ಲ ಗಂಡ ಇದ್ದವರು. ಗಂಡ ಸತ್ತ ಒಬ್ಬಳೇ ಒಬ್ಬಳ ಕೈಯನ್ನು ನಾನು ಹಿಡಿದಿರಲಿಲ್ಲ. ನಾನೂ ಅವರಲ್ಲೊಬ್ಬಳು, ನನ್ನ ಕೈಯನ್ನೂ ಯಾರೂ ಹಿಡಿದಿರಲಿಲ್ಲ.

ಬಾಯಿ ಕೆಲಸ ಬೇಡವೆಂದು ಷರತ್ತು ಹಾಕಿದವಳು ನಾನೇ. ಆದರೆ ಆ ಪ್ರಶ್ನೆ ಕೇಳಿದ್ದು ನನ್ನನ್ನು. ಮೈಕು ಬೇಡವೆಂದು ಕೈ ಮಾಡಿ ಹೇಳಿದೆ:

"ನೋಡಿಲ್ರಿ. ಒಬ್ಬಾಕಿದೂ ನೋಡಿಲ್ಲ. ನನಗ ಇವತ್ತಿನ ತನಕ ಹೊಳೆದೇ ಇಲ್ಲ."

ನಸೀಮಾ ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಅವರ ದನಿ ಒಂದಿಷ್ಟು ಸಣ್ಣದಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಹಳ ಜನ ಬರೆದುಕೊಂಡರು. ಪ್ರತಿಭಾ ಮಾತ್ರ ಬರೆದುಕೊಳ್ಳಲಿಲ್ಲ. ಚಹಾದ ಹೊತ್ತಿಗೆ ನನ್ನ ಹತ್ತಿರ ಬಂದು ನಿಂತಳು. ತನ್ನ ತಾಯಿಯೂ ಹಾಗೆಯೇ ಎಂದು ಹಿಂದಿಯಲ್ಲಿ ಹೇಳಿದಳು. ನಾನು ಅವಳನ್ನು ಮೂಲೆಗೆ ಕರೆದು ಮಾಯಾಳ ವಿಷಯ ಕಿವಿಯಲ್ಲಿ ಹೇಳಿದೆ. ಹೆಸರು ಹೇಳಲಿಲ್ಲ.

"ಕೈ ತೋರಿಸಲು ಅವಳು ಒಪ್ಪಿದರೆ ಸಾಕು" ಎಂದಳು ಪ್ರತಿಭಾ. "ನಾನು ಡಾಕ್ಟರಾಗಿ ಬರುವುದಿಲ್ಲ. ನಿಮ್ಮನ್ನು ನೋಡಲು ಬಂದ ಹಾಗೆ ಬರುತ್ತೇನೆ."

ಕೋಣೆ, ಮೂರನೆಯ ದಿನ ಬೆಳಿಗ್ಗೆ

ಪೇಟೆಯಲ್ಲಿ ಕುಸುಬಿ ಎಣ್ಣೆ ಸಿಗಲಿಲ್ಲ. ಸಾಸಿವೆ ಎಣ್ಣೆ ತಂದಿದ್ದೆ. ಅದರ ಘಾಟಿಗೆ ಕಣ್ಣಲ್ಲಿ ನೀರು ಬರುತ್ತದೆ. ಮಾಯಾ ಬಂದಾಗ ನಾನು ಹಾಸಿಗೆ ಮುಟ್ಟದೆ ಕುರ್ಚಿಯಲ್ಲಿ ಕುಳಿತಿದ್ದೆ.

"ಇವತ್ತು ಬುದ್ಧಿ ಬಂದಿದೆ" ಎಂದು ನಕ್ಕಳು.

"ಬೇಟಿ, ನಿನ್ನೆ ಇಪ್ಪತ್ತು ಕೈಗೆ ಬಳೆ ಇಟ್ಟೆ. ಹಾತ್ ದುಖ್ರಾ. ಸ್ವಲ್ಪ ಎಣ್ಣೆ ಹಚ್ಚಿ ಒತ್ತುತ್ತೀಯಾ?"

ಸುಳ್ಳಲ್ಲ, ನಿಜವಾಗಿಯೂ ನೋಯುತ್ತಿದ್ದವು. ಅವಳು ನೆಲದ ಮೇಲೆ ಕುಳಿತು ನನ್ನ ಬಲಗೈ ಎತ್ತಿಕೊಂಡಳು. ಎಣ್ಣೆ ಬಿಸಿಯಾಗುವವರೆಗೆ ಉಜ್ಜಿದಳು. ಗೌರಿ, ಬಸು, ನೀವು ನನ್ನ ಕೈ ಹಿಡಿದು ರಸ್ತೆ ದಾಟುತ್ತೀರಿ. ಅದನ್ನು ಬಿಟ್ಟರೆ ಹೀಗೆ ಯಾರೂ ನನ್ನ ಕೈ ಮಡಿಲಲ್ಲಿಟ್ಟುಕೊಂಡಿರಲಿಲ್ಲ. ಎಣ್ಣೆಯ ಘಾಟು ಎಂದು ಕಣ್ಣು ಒರೆಸಿಕೊಂಡೆ.

ಅವಳ ಬೆರಳು ಒತ್ತುತ್ತಿದ್ದವು, ಆದರೆ ಕಿರುಬೆರಳಿನ ಬದಿಗೆ ಬಲವಿರಲಿಲ್ಲ. ಮುಗಿದ ಮೇಲೆ ನಾನು ಅವಳ ಕೈ ಬಿಡಲಿಲ್ಲ. "ಈಗ ನಿಂದು" ಎಂದೆ. ಅವಳು ಬಾಗಿಲು ನೋಡಿದಳು.

"ನನ್ನ ಕೈಗೇಕೆ ಆಮಾ?"

"ನನಗೂ ಬಳೆ ಇಲ್ಲ, ನಿನಗೂ ಇಲ್ಲ. ಎಣ್ಣೆಗೆ ಏನು ಅಡ್ಡಿ?"

ಕೈಯನ್ನು ನನಗೆ ಬಿಟ್ಟುಕೊಟ್ಟಳು. ಮೆಲ್ಲಗೆ ಹೆಬ್ಬೆರಳು ಮಡಚಿ, ಗಿಣ್ಣು ಒತ್ತಿ, ಬಳೆಯಿಲ್ಲದೆಯೇ ಬಳೆ ಏರಿಸುವ ಹಾಗೆ ಒತ್ತುತ್ತ ಬಂದೆ. ಹೆಬ್ಬೆರಳ ಬದಿಗೆ ಒತ್ತಿದಾಗ "ಆಯ್ಯಾ" ಎಂದಳು. ಕಿರುಬೆರಳ ಬದಿಗೆ ಬಂದೆ, ಇನ್ನೂ ಗಟ್ಟಿಯಾಗಿ ಒತ್ತಿದೆ. ಅವಳು ಏನೂ ಹೇಳಲಿಲ್ಲ. ಏನೂ ಹೇಳದೇ ಇದ್ದಾಗಲೇ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಿತ್ತು. ಎಷ್ಟು ದಿನದಿಂದ ಎಂದು ಪಿಸುಗುಟ್ಟಿದೆ. ಹೋದ ದಸರಾ ಹಬ್ಬದಿಂದ, ಮೂರು ತಿಂಗಳಾಯಿತು ಎಂದಳು.

"ಯಾರಿಗೂ ಹೇಳಬೇಡಿ ಆಮಾ. ಮಗಳ ಪರೀಕ್ಷೆ ಇದೆ. ಇಲ್ಲಿಯವರಿಗೆ ತಿಳಿದರೆ ನಾನು ಮುಟ್ಟಿದ ಹಾಸಿಗೆಯಲ್ಲಿ ಯಾರು ಮಲಗುತ್ತಾರೆ?"

"ನಾನು ಎರಡು ರಾತ್ರಿ ಮಲಗಿದ್ದೇನೆ" ಎಂದೆ.

ಅವಳು ಅಳುತ್ತಲೇ ನಕ್ಕಳು. ಆಗ ನಾನು ಕೆಂಭಾವಿಯ ಆಕೆಯ ಕಥೆಯನ್ನು ಪೂರ್ತಿ ಹೇಳಿದೆ, ನನ್ನ ತಪ್ಪನ್ನೂ ಬಿಡದೆ. ನನ್ನಿಂದ ಒಂದು ಮನೆ ಹೋಗಿದೆ, ಇನ್ನೊಂದು ಹೋಗಬಾರದು, ಆದರೆ ನಿನ್ನ ಬೆರಳೂ ಹೋಗಬಾರದು ಎಂದೆ. ಹೊರಗೆ ಒಬ್ಬ ಹುಡುಗಿ ನನ್ನನ್ನು ನೋಡಲು ಬಂದಿದ್ದಾಳೆ, ಚಹಾ ಕುಡಿದು ಹೋಗುತ್ತಾಳೆ, ಅವಳು ಡಾಕ್ಟರು, ನೀನು ಹ್ಞೂಂ ಎಂದರೆ ಮಾತ್ರ ಒಳಗೆ ಕರೆಯುತ್ತೇನೆ.

ಮಾಯಾ ಎಣ್ಣೆಯ ಕೈಯನ್ನು ಒರೆಸಿಕೊಂಡಳು. ಅಷ್ಟರಲ್ಲಿ ಕಾರಿಡಾರಿನಲ್ಲಿ ಯಾರೋ ಅವಳ ಹೆಸರು ಹಿಡಿದು ಕೂಗಿದರು. ಅವಳು ಎದ್ದು ಕಣ್ಣೊರೆಸಿ ಬಾಗಿಲವರೆಗೆ ಹೋದಳು. ಹೋಯಿತು ಎಂದುಕೊಂಡೆ. ಬಾಗಿಲು ಅರ್ಧ ತೆರೆದು, "ಈ ಕೋಣೆಯವರಿಗೆ ಅತಿಥಿ ಬಂದಿದ್ದಾರೆ, ಎರಡು ಚಹಾ ಕೊಟ್ಟು ಬರುತ್ತೇನೆ" ಎಂದು ಕೂಗಿ, ಹೊರಗೆ ನಿಂತಿದ್ದ ಪ್ರತಿಭಾಳನ್ನು ತಾನೇ ಒಳಗೆ ಕರೆದಳು.

ಪ್ರತಿಭಾ ಬಿಳಿ ಕೋಟು ಹಾಕಿರಲಿಲ್ಲ. ಮಾಯಾಳ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತಳು. ಮಾಯಾ ಕಣ್ಣು ಮುಚ್ಚಿದಳು, ನೈಲಾನ್ ಎಳೆ ತಾಕಿದಾಗಲೆಲ್ಲ ಬೆರಳು ಮಾಡಿ ತೋರಿಸಬೇಕು. ಒಂದು ಬದಿಗೆ ಪ್ರತಿ ಸಲ ತೋರಿಸಿದಳು. ಇನ್ನೊಂದು ಬದಿಗೆ ಎಳೆ ಬಾಗುವವರೆಗೆ ತಾಕಿದರೂ ಕಾಯುತ್ತಲೇ ಇದ್ದಳು. ಮೊಣಕೈಯ ಹತ್ತಿರ ನರ ದಪ್ಪವಾಗಿತ್ತು, ತೋಳ ಹಿಂದೆ ಮಾಸಲು ಬಣ್ಣದ ಒಂದು ಕಲೆ ಇತ್ತು. ಪ್ರತಿಭಾ ಎಳೆ ಒಳಗಿಟ್ಟು, ನೇಪಾಳಿಯಲ್ಲಿ ನಿಧಾನವಾಗಿ ಮಾತಾಡಿದಳು. ನನಗೆ ಎಲ್ಲ ತಿಳಿಯಲಿಲ್ಲ. ಮೂರು ತಿಂಗಳಾಗಿದೆ, ತಡವಾಗಿಲ್ಲ ಎಂಬುದು ತಿಳಿಯಿತು. ಶನಿವಾರ ಮಾಯಾಳಿಗೆ ರಜೆ; ಪ್ರತಿಭಾಳ ಆಸ್ಪತ್ರೆಗೆ ಅಂದು ಬಂದರೆ ಸಾಕು. ಔಷಧ ಶುರುವಾದ ಮೇಲೆ ಅವಳಿಂದ ಯಾರಿಗೂ ಏನೂ ಹತ್ತುವುದಿಲ್ಲ, ಹಾಸಿಗೆಯನ್ನು ಧಾರಾಳವಾಗಿ ಮಡಚಬಹುದು.

ನಾವು ಹೊರಟಾಗ ಮಾಯಾ ಮೆಟ್ಟಿಲ ಬಳಿ ನೆಲ ಒರೆಸುತ್ತಿದ್ದಳು. ಹೋಟೆಲಿನ ಮೇಲ್ವಿಚಾರಕನೊಬ್ಬ ಅಲ್ಲಿಯೇ ನಿಂತಿದ್ದ. ಅವಳು ನನ್ನತ್ತ ನೋಡಲಿಲ್ಲ. ಶನಿವಾರ ಹೋಗುತ್ತಾಳೋ ಇಲ್ಲವೋ ಎಂದು ಕೇಳಲು ನನಗೂ ಆಗಲಿಲ್ಲ. ವಿಮಾನದಲ್ಲಿ ನಸೀಮಾ ಅವರಿಗೆ ಇದನ್ನೇ ಹೇಳಿದೆ.

"ನೀವು ಕಿವಿಯೊಳಗ ಹೇಳಿದ್ದು ಅಕಿ ಕೇಳ್ಯಾಳ" ಎಂದರು ಅವರು. "ಹೋಗೋದು ಬಿಡೋದು ಅಕಿ ಕೈಯಾಗ ಅದ, ದೊಡ್ಡಮ್ಮ."

ಆಗಲೇ ಕಿಟಕಿಯಲ್ಲಿ ನೀವು ಕೇಳಿದ ಹಿಮಾಲಯ ಕಂಡದ್ದು. ಚೆನ್ನಾಗಿ ನೋಡಲಾಗಲಿಲ್ಲ.

ಮತ್ತೆ ಅಂಗಡಿ

ಬಂದ ವಾರವೇ ನಾನು ಅಂಗಡಿಯ ಒಳಗೆ ಪರದೆ ಕಟ್ಟಿ ಒಂದು ಚಾಪೆ ಹಾಸಿದೆ. ಮಂಗಳವಾರ ಮಧ್ಯಾಹ್ನ ಅಲ್ಲಿ ಬಳೆ ಇಲ್ಲ, ಬರೀ ಕುಸುಬಿ ಎಣ್ಣೆ. ಗಂಡ ಸತ್ತವರು ಬಂದು ಕೂಡಬಹುದು. ಮೊದಲ ವಾರ ಯಾರೂ ಬರಲಿಲ್ಲ. ಎರಡನೆಯ ವಾರ ಹಿಂದಿನ ಓಣಿಯ ಶಹನಾಜ್ ಬೀ ಬಂದು, "ಶರಣಮ್ಮ, ಯಾರಿಗಿ ಹೇಳಬ್ಯಾಡ, ಮೊಣಕೈ ಭಾಳ ನೋಯಾಕತ್ತೈತಿ" ಎಂದಳು. ನೋಯುತ್ತದೆ ಎಂದು ಕೇಳಿ ನನಗೆ ಸಮಾಧಾನವಾಯಿತು. ಈಗ ಐದಾರು ಜನ ಬರುತ್ತಾರೆ. ಒಬ್ಬಾಕೆಯನ್ನು ಡಾಕ್ಟರರ ಹತ್ತಿರ ಕಳಿಸಿದ್ದೇನೆ. ಹೆಸರು ನಿಮಗೂ ಹೇಳುವುದಿಲ್ಲ.

ಶನಿವಾರ ಮಾಯಾ ಹೋಗಿರಲಿಲ್ಲ. ಮುಂದಿನ ಶನಿವಾರವೂ ಹೋಗಲಿಲ್ಲ. ಮೂರನೆಯದಕ್ಕೆ ಮಗಳನ್ನು ಕರೆದುಕೊಂಡು ಹೋದಳು ಎಂದು ಪ್ರತಿಭಾ ನಸೀಮಾ ಅವರಿಗೆ ತಿಳಿಸಿದಳು. ಆಮೇಲೆ ತಿಂಗಳುಗಟ್ಟಲೆ ಏನೂ ಸುದ್ದಿ ಇರಲಿಲ್ಲ.

ನಿನ್ನೆ ಅಂಗಡಿಯಲ್ಲಿ ಗಿರಾಕಿ ತುಂಬಿದ್ದರು. ಒಬ್ಬಾಕೆಯ ಕೈ ಸೋಪಿನಲ್ಲಿತ್ತು. ನಸೀಮಾ ಸ್ಕೂಟರಿನಿಂದ ಇಳಿದವರೇ ಫೋನನ್ನು ನನ್ನ ಕಿವಿಗೆ ಹಿಡಿದರು. ಆ ಕಡೆ ಮಾಯಾ. ಮಾತಿಗಿಂತ ಉಸಿರೇ ಹೆಚ್ಚು. ಬೆಳಿಗ್ಗೆ ನಲ್ಲಿಯಲ್ಲಿ ಬಟ್ಟೆ ಹಿಂಡುತ್ತಿದ್ದಳಂತೆ. ನೀರು ಕಿರುಬೆರಳನ್ನು ಕಚ್ಚಿತಂತೆ. ಮೊದಲು ನಂಬಲಿಲ್ಲವಂತೆ, ಆ ಕೈ ತೆಗೆದು ಈ ಕೈ ಇಟ್ಟು, ಮತ್ತೆ ಆ ಕೈ ಇಟ್ಟು ನೋಡಿದಳಂತೆ.

"ತಣ್ಣಗಿದೆ ಆಮಾ! ಎಷ್ಟು ತಣ್ಣಗಿದೆ!"

ನಾನು ಸೋಪಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಗತೊಡಗಿದೆ. ಕಣ್ಣಲ್ಲಿ ಬೇರೆ ನೀರು. ಜೀವಮಾನದಲ್ಲಿ ಅಷ್ಟು ಜನರ ಮುಂದೆ ಅಷ್ಟು ಜೋರಾಗಿ ನಕ್ಕವಳಲ್ಲ. ಎದುರಿಗೆ ಕೈ ಚಾಚಿ ಕುಳಿತಿದ್ದಾಕೆಗೆ ಗಾಬರಿ.

"ಏನಾತ್ರಿ ಶರಣಮ್ಮ? ಯಾರಿಗಿ ಏನಾಗ್ಯದ?"

"ಒಬ್ಬಾಕಿಗಿ ಥಂಡಿ ಹತ್ತೇತ್ರಿ."

"ಅಯ್ಯ ಶಿವನೇ! ಥಂಡಿ ಹತ್ತಿದ್ರ ಹಿಂಗ ನಗತಾರೇನ?"